ಲಕ್ಷದ್ವೀಪಕ್ಕೆ ಹೋಗುವಾಗ ಹಡಗು, ಬರುವಾಗ ವಿಮಾನ

ಲಕ್ಷದ್ವೀಪಕ್ಕೆ ವಿಮಾನದಲ್ಲಿ ಹೋಗೋದಾ, ಹಡಗಲ್ಲಿ ಹೋಗೋದಾ ಅಂತ ಕೇಳುವವರು ಈಗ ಜಾಸ್ತಿಯಾಗಿದ್ದಾರೆ. 2024ರ ಜನವರಿಯಲ್ಲಿ ಪ್ರಧಾನಿ ಅಲ್ಲಿ ನೀರಿಗಿಳಿದ ಫೋಟೋ ಬಂದದ್ದೇ ಬಂದದ್ದು, ಎಲ್ಲರಿಗೂ ಆ ಕಡೆ ಕಣ್ಣು ಬಿತ್ತು. ಅದೇ ವರ್ಷ ಮಾರ್ಚ್ ಕೊನೆಗೆ ಬೆಂಗಳೂರಿನಿಂದ ಅಲ್ಲಿನ ಅಗತ್ತಿ ದ್ವೀಪಕ್ಕೆ ನೇರ ವಿಮಾನವೂ ಶುರುವಾಯಿತು. ಇನ್ನು ಕೇಳಬೇಕೇ? ಬೆಳಿಗ್ಗೆ ದೇವನಹಳ್ಳಿ, ಮಧ್ಯಾಹ್ನ ನೀಲಿ ನೀರು. ಹಡಗಿನ ಮಾತೆತ್ತಿದರೆ "ಅಷ್ಟು ಹೊತ್ತು ಯಾರು ಕೂರ್ತಾರೆ ಮಾರಾಯ್ರೆ" ಅನ್ನುತ್ತಾರೆ.

ನನ್ನ ಓಟು ಮಾತ್ರ ಹೋಗುವಾಗ ಹಡಗಿಗೆ, ಬರುವಾಗ ವಿಮಾನಕ್ಕೆ.

ಅದಕ್ಕೂ ಮೊದಲು ಒಂದು ಮಾತು. ವಿಮಾನವಾ ಹಡಗಾ ಅಂತ ತಲೆ ಕೆಡಿಸಿಕೊಳ್ಳುವ ಮುಂಚೆ ಯಾವ ದ್ವೀಪಕ್ಕೆ ಹೋಗಬೇಕು ಅಂತ ನೋಡಿಕೊಳ್ಳಿ. ಲಕ್ಷದ್ವೀಪ ಅಂದರೆ ಒಂದು ಊರಲ್ಲ. 36 ದ್ವೀಪಗಳು, ಅದರಲ್ಲಿ ಜನ ಇರುವುದು ಹತ್ತರಲ್ಲಿ. ಎಲ್ಲ ಸೇರಿಸಿದರೂ ನೆಲ 32 ಚದರ ಕಿಲೋಮೀಟರ್. ವಿಮಾನ ಇಳಿಯುವುದು ಅಗತ್ತಿ ಒಂದರಲ್ಲೇ. ನೀವು ಹೋಗಬೇಕಾದದ್ದು ಕವರತ್ತಿಗೋ ಕಡಮತ್‌ಗೋ ಆದರೆ, ವಿಮಾನ ಇಳಿದ ಮೇಲೂ ಬೋಟು ಹತ್ತಲೇಬೇಕು. ಮಿನಿಕಾಯ್ ಅಂತೂ ಎಲ್ಲಕ್ಕಿಂತ ದಕ್ಷಿಣದಲ್ಲಿ, ನೈನ್ ಡಿಗ್ರಿ ಚಾನೆಲ್ ಅನ್ನುವ ಅಗಲವಾದ ಕಡಲ ದಾರಿಯ ಆಚೆ, ಒಂಟಿಯಾಗಿ ಕೂತಿದೆ. 1885ರ ಲೈಟ್‌ಹೌಸ್ ನೋಡಬೇಕು, ಮಾಲ್ಡೀವ್ಸ್ ಕಡೆಯ ಮಹಲ್ ಮಾತು ಕೇಳಬೇಕು ಅಂತ ಆಸೆ ಇದ್ದರೆ ಅಗತ್ತಿಯ ಟಿಕೆಟ್ ಇಟ್ಟುಕೊಂಡು ಏನು ಮಾಡುತ್ತೀರಿ? ಲಕ್ಷದ್ವೀಪಕ್ಕೆ ಹೋಗಲು ಬೇಕಾದ ಎಂಟ್ರಿ ಪರ್ಮಿಟ್‌ನಲ್ಲೂ ದ್ವೀಪದ ಹೆಸರು ಇರುತ್ತದೆ. ಅಲ್ಲಿಗೆ ಹೋದ ಮೇಲೆ ನೋಡಿಕೊಳ್ಳೋಣ ಅನ್ನುವ ನಮ್ಮ ಗೋವಾ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಬಂಗಾರಂ ದ್ವೀಪದ ರೆಸಾರ್ಟಿಗೆ ಹೋಗುವವರಿಗೆ ವಿಮಾನವೇ ಸರಿ. ಅಗತ್ತಿಯಲ್ಲಿ ಇಳಿದು ಬೋಟು ಹಿಡಿದರೆ ಆಯಿತು. ಆ ವಿಮಾನವೂ ಚೆಂದವೇ. ರನ್‌ವೇ ಸುಮಾರು 1200 ಮೀಟರ್ ಮಾತ್ರ, ಹಾಗಾಗಿ ದೊಡ್ಡ ಜೆಟ್ ಇಳಿಯುವುದಿಲ್ಲ. ಬರುವುದು ಎಟಿಆರ್ ಅನ್ನುವ, ರೆಕ್ಕೆಯಲ್ಲಿ ಫ್ಯಾನ್ ಇರುವ ಚಿಕ್ಕ ವಿಮಾನ. ಕಿಟಕಿ ಪಕ್ಕ ಕೂತರೆ ಮೊದಲು ಎಲ್ಲ ಕಡು ನೀಲಿ, ಆಮೇಲೆ ಒಮ್ಮೆಲೇ ತಿಳಿ ಹಸಿರು ನೀರು. ಅದರ ನಡುವೆ ಉದ್ದಕ್ಕೆ ಮಲಗಿದ ದ್ವೀಪ. ಅದರ ತುದಿಯಲ್ಲಿ ರನ್‌ವೇ, ಎರಡೂ ಕಡೆ ಸಮುದ್ರ. ವಿಮಾನ ನೀರಿಗೇ ಇಳಿಯುತ್ತಿದೆ ಅಂತ ಪಕ್ಕದ ಸೀಟಿನವರು ಕೈ ಹಿಡಿದುಕೊಂಡರೆ ಆಶ್ಚರ್ಯ ಇಲ್ಲ.

ಇಷ್ಟೆಲ್ಲ ಇದ್ದೂ ಹಡಗು ಯಾಕೆ?

ಹಡಗು ಹೊರಡುವುದು ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಿಂದ. ದ್ವೀಪ ಯಾವುದು ಅನ್ನುವುದರ ಮೇಲೆ 14ರಿಂದ 18 ಗಂಟೆ ಹಿಡಿಯುತ್ತದೆ. ಎಂವಿ ಕವರತ್ತಿ ದೊಡ್ಡದು, 700 ಜನ ಹಿಡಿಸುತ್ತದೆ. ಉಳಿದವು ಅದಕ್ಕಿಂತ ಚಿಕ್ಕವು. ಕ್ಯಾಬಿನ್ ಇದೆ, ಬಂಕ್ ಕ್ಲಾಸ್ ಇದೆ. ಕ್ರೂಸ್ ಅಂತ ಕಲ್ಪನೆ ಇಟ್ಟುಕೊಂಡು ಹೋದರೆ ನಿರಾಸೆ ಖಂಡಿತ. ಇದು ದ್ವೀಪದವರ ಕೆಂಪು ಬಸ್ಸು. ಮಿಕ್ಸಿ ಬಾಕ್ಸು, ಮೊಟ್ಟೆಯ ಟ್ರೇ, ಸುತ್ತಿದ ಹಾಸಿಗೆ, ಪ್ಲಾಸ್ಟಿಕ್ ಕವರಿನಲ್ಲಿ ಗಿಡ, ಎಲ್ಲವೂ ಜೊತೆಗೆ ಬರುತ್ತದೆ. ಕೊಚ್ಚಿಯ ಆಸ್ಪತ್ರೆಯಲ್ಲಿ ಆಪರೇಷನ್ ಮುಗಿಸಿ ಮನೆಗೆ ಹೊರಟ ಅಜ್ಜ, ರಜೆಗೆ ಊರಿಗೆ ಹೊರಟ ಕಾಲೇಜು ಹುಡುಗರು. ರಾತ್ರಿ ಡೆಕ್ಕಿನ ಮೇಲೆ ಇವರ ಜೊತೆ ಕೂತು ಎರಡು ಮಾತಾಡಿದರೆ ಆ ಊರು ಹೇಗೆ ನಡೆಯುತ್ತದೆ ಅಂತ ಅರ್ಧ ತಿಳಿದುಬಿಡುತ್ತದೆ. ರೆಸಾರ್ಟಿನ ಕುರ್ಚಿಯಲ್ಲಿ ನಾಲ್ಕು ದಿನ ಬಿದ್ದುಕೊಂಡರೂ ಅದು ಸಿಗುವುದಿಲ್ಲ.

ಬೆಳಿಗ್ಗೆ ಎದ್ದಾಗ ಇನ್ನೊಂದು ತಮಾಷೆ ಇದೆ. ಕೆಲವು ದ್ವೀಪಗಳಲ್ಲಿ ಜೆಟ್ಟಿ ಇದೆ, ಸಮುದ್ರ ಸುಮ್ಮನಿದ್ದರೆ ಹಡಗು ಅದಕ್ಕೆ ತಾಗಿಕೊಂಡು ನಿಲ್ಲುತ್ತದೆ. ಇಲ್ಲದಿದ್ದರೆ ಹವಳದ ದಿಬ್ಬದ ಹೊರಗೇ ಲಂಗರು. ಒಳಗಿನ ನೀರು ಆಳ ಕಡಿಮೆ, ದೊಡ್ಡ ಹಡಗು ಹೋಗಲಾಗುವುದಿಲ್ಲ. ಆಗ ಹಡಗಿನ ಪಕ್ಕೆಯಲ್ಲಿ ಒಂದು ಬಾಗಿಲು ತೆರೆಯುತ್ತಾರೆ. ಕೆಳಗೆ ಪುಟ್ಟ ಬೋಟು. ಅಲೆ ಬಂದಾಗ ಅದು ನಿಮ್ಮ ಕಾಲಿನ ಮಟ್ಟಕ್ಕೆ ಏಳುತ್ತದೆ, ಮರುಕ್ಷಣ ಆಳುದ್ದ ಕೆಳಗೆ ಹೋಗುತ್ತದೆ. ಬಾಗಿಲಲ್ಲಿ ಇಬ್ಬರು, ಬೋಟಿನಲ್ಲಿ ಇಬ್ಬರು. ನೀವು ಯೋಚನೆ ಮಾಡುವ ಹಾಗೇ ಇಲ್ಲ. ಬೋಟು ಮೇಲೆ ಬಂದ ಗಳಿಗೆಗೆ ಸರಿಯಾಗಿ "ವಾ, ವಾ" (ಬಾ, ಬಾ) ಅಂತ ತೋಳು ಹಿಡಿದು ಎಳೆದುಕೊಳ್ಳುತ್ತಾರೆ. ನನ್ನ ಮುಂದೆ ಒಬ್ಬ ಅಜ್ಜಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಬಸ್ಸಿನಿಂದ ಇಳಿದಷ್ಟೇ ಸಲೀಸಾಗಿ ಇಳಿದರು. ಜಿಮ್ಮಿಗೆ ಹೋಗುವ ನಮ್ಮ ಪೈಕಿಯವರು ಬಾಗಿಲ ಚೌಕಟ್ಟು ಬಿಡಲೇ ಇಲ್ಲ.

ಮಂಡಿ ನೋವಿನವರು, ತೀರಾ ಚಿಕ್ಕ ಮಕ್ಕಳಿರುವವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡು ತೀರ್ಮಾನ ಮಾಡಿ. ವಾಂತಿಯ ಭಯಕ್ಕೆ ಮಾತ್ರ ಹಡಗು ಬಿಡಬೇಡಿ. ಡಾಕ್ಟರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ, ಹಡಗು ಹೊರಡುವ ಮುಂಚೆಯೇ ನುಂಗಿ. ತಲೆ ತಿರುಗಿದ ಮೇಲೆ ನುಂಗಿ ಏನೂ ಪ್ರಯೋಜನ ಇಲ್ಲ. ಕ್ಯಾಬಿನ್ ಆರಿಸುವ ಅವಕಾಶ ಸಿಕ್ಕರೆ ಹಡಗಿನ ಮಧ್ಯದಲ್ಲಿ, ಕೆಳಗಿನ ಡೆಕ್ಕಿನಲ್ಲಿ ಕೇಳಿ. ಅಲ್ಲಿ ಓಲಾಟ ಕಡಿಮೆ.

ಬರುವಾಗ ವಿಮಾನ ಯಾಕೆ ಅಂದರೆ, ಸೋಮವಾರ ಆಫೀಸು. ಹೋಗುವಾಗ ಹಡಗು ಅರ್ಧ ದಿನ ತಡವಾದರೆ ಬೀಚಿನಲ್ಲಿ ಅರ್ಧ ದಿನ ಕಡಿಮೆ, ಅಷ್ಟೇ. ಬರುವಾಗ ತಡವಾದರೆ ಎರ್ನಾಕುಲಂ ರೈಲು ತಪ್ಪುತ್ತದೆ, ಬೆಂಗಳೂರಿನ ಬಸ್ಸು ತಪ್ಪುತ್ತದೆ, ಮ್ಯಾನೇಜರಿಗೆ ಮೆಸೇಜು ಹಾಕಬೇಕು. ಒಂದು ವಿಷಯ: ಸರ್ಕಾರದ ಸಮುದ್ರಂ ಪ್ಯಾಕೇಜ್ ತೆಗೆದುಕೊಂಡರೆ ಈ ನನ್ನ ಸೂತ್ರ ನಡೆಯುವುದಿಲ್ಲ. ಅದರಲ್ಲಿ ಹಗಲು ದ್ವೀಪ, ರಾತ್ರಿ ಹಡಗು, ಹೋಗಿ ಬರುವುದೂ ಅದರಲ್ಲೇ. ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರನ್ನೂ ಒಂದೇ ಸಲ ನೋಡಬೇಕು ಅನ್ನುವವರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ.

ಈಗ ಸ್ವಲ್ಪ ಖಾರದ ಮಾತು. ಹಡಗಿನ ಟಿಕೆಟಿಗೆ ಏಜೆಂಟರ ಮೂಲಕ "ಹೇಗಾದರೂ ಮಾಡಿ" ಅಂತ ನುಗ್ಗುವವರನ್ನು ಕಂಡರೆ ನನಗೆ ಆಗುವುದಿಲ್ಲ. 2011ರ ಜನಗಣತಿಯಲ್ಲಿ ಲಕ್ಷದ್ವೀಪದ ಜನಸಂಖ್ಯೆ 64 ಸಾವಿರ ಚಿಲ್ಲರೆ. ಅವರಿಗೆ ದೊಡ್ಡ ಆಸ್ಪತ್ರೆ ಅಂದರೆ ಕೊಚ್ಚಿ, ಕಾಲೇಜು ಅಂದರೆ ಬಹುತೇಕ ಕೇರಳ. ತೀರಾ ಸೀರಿಯಸ್ ಆದವರಿಗೆ ಹೆಲಿಕಾಪ್ಟರ್ ಉಂಟು, ಉಳಿದವರಿಗೆಲ್ಲ ಈ ಹಡಗೇ. ನಿಮಗೆ ಸೀಟು ಸಿಗದಿದ್ದರೆ ಟೂರು ಮುಂದಕ್ಕೆ ಹೋಗುತ್ತದೆ, ಅವರಿಗೆ ಸಿಗದಿದ್ದರೆ ಪರೀಕ್ಷೆ ಹೋಗುತ್ತದೆ. ಪ್ರವಾಸಿಗರಿಗೆ ಅಂತ ಇಟ್ಟ ಪ್ಯಾಕೇಜಿನಲ್ಲಿ ಜಾಗ ಇದ್ದರೆ ಹಡಗು ಹತ್ತಿ. ಇಲ್ಲದಿದ್ದರೆ ಎರಡು ಕಡೆಗೂ ವಿಮಾನವೇ ಆಗಲಿ, ದುಡ್ಡು ಜಾಸ್ತಿಯಾದರೂ ಸರಿ.

ನಮ್ಮ ಮಂಗಳೂರಿನ ವಿಷಯ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಉತ್ತರದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಇವೆಲ್ಲ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. 1783ರಲ್ಲಿ ಅಮಿನಿಯ ಜನ ಮಂಗಳೂರಿಗೆ ಬಂದು, ನಮ್ಮನ್ನು ನೀವೇ ಆಳಿ ಅಂತ ಟಿಪ್ಪುವನ್ನು ಕೇಳಿಕೊಂಡ ಚರಿತ್ರೆ ಇದೆ. ಈಗಲೂ ಹಳೆ ಬಂದರಿನ ದಕ್ಕೆಗೆ ಹೋಗಿ ನಿಂತು ನೋಡಿ. ಈರುಳ್ಳಿ, ಅಕ್ಕಿ, ಸಿಮೆಂಟು, ಜಲ್ಲಿ ಎಲ್ಲ ಮಂಜಿ ಅನ್ನುವ ಸರಕಿನ ಹಡಗುಗಳಿಗೆ ಏರುತ್ತಿರುತ್ತದೆ. ಮಳೆಗಾಲದಲ್ಲಿ ನಿಲ್ಲುತ್ತದೆ, ಸೆಪ್ಟೆಂಬರ್ ಮಧ್ಯಕ್ಕೆ ಮತ್ತೆ ಶುರು. ಈರುಳ್ಳಿ ಇಲ್ಲಿಂದಲೇ ನೇರ ಹೋಗುತ್ತದೆ. ಅದನ್ನು ಕಳಿಸಿದ ಮಂಗಳೂರಿನವನು ಮಾತ್ರ ರಾತ್ರಿ ರೈಲು ಹತ್ತಿ ಕೊಚ್ಚಿಗೆ ಇಳಿದು, ಅಲ್ಲಿಂದ ಮತ್ತೆ ಉತ್ತರದ ಕಡೆ ಹಡಗು ಹಿಡಿಯಬೇಕು. ಇದು ಯಾವ ನ್ಯಾಯ ಹೇಳಿ?

ಆಗದ ಕೆಲಸವೇನೂ ಅಲ್ಲ. 2024ರ ಮೇ ತಿಂಗಳಲ್ಲಿ ಪರಳಿ ಅನ್ನುವ ಹೈಸ್ಪೀಡ್ ಹಡಗು ಲಕ್ಷದ್ವೀಪದಿಂದ 160 ಜನರನ್ನು ಹೊತ್ತು ಸುಮಾರು ಏಳು ಗಂಟೆಯಲ್ಲಿ ಹಳೆ ಬಂದರಿಗೆ ಬಂದು ನಿಂತಿತ್ತು. ಏಳು ಗಂಟೆ ಅಂದರೆ ಮಂಗಳೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋದ ಹಾಗೆ, ಶಿರಾಡಿಯಲ್ಲಿ ಗುಡ್ಡ ಜರಿಯದಿದ್ದರೆ. ವೇಳಾಪಟ್ಟಿ ಹಾಕಿ, ಅಕ್ಟೋಬರಿನಿಂದ ಮೇ ತನಕ ವಾರಕ್ಕೆರಡು ಸಲ ಇಂಥದ್ದೊಂದು ಓಡಿಸಿದರೆ ಅಮಿನಿಯ ರೋಗಿಗೆ ಮಂಗಳೂರು ಪಕ್ಕದ ದೇರಳಕಟ್ಟೆಯ ಆಸ್ಪತ್ರೆಗಳು ಹತ್ತಿರವಾಗುತ್ತವೆ. ನಮಗೂ ಕೊಚ್ಚಿಯ ಸುತ್ತು ತಪ್ಪುತ್ತದೆ. ನಮ್ಮ ಎಂಪಿ, ಎಂಎಲ್‌ಎಗಳು ವಿಮಾನ ನಿಲ್ದಾಣದ ಬಗ್ಗೆ ಮಾತಾಡಿದ್ದರಲ್ಲಿ ಕಾಲು ಭಾಗ ಈ ದಕ್ಕೆಯ ಬಗ್ಗೆ ಮಾತಾಡಲಿ. ಅಲ್ಲಿಯವರೆಗೆ ಮಂಗಳೂರಿನವರಿಗೆ ನನ್ನ ಸಲಹೆ: ಕೊಚ್ಚಿ ರೈಲಿಗೆ ಮೊದಲೇ ರಿಸರ್ವ್ ಮಾಡಿ, ಹಡಗು ಹೊರಡುವ ಹಿಂದಿನ ದಿನವೇ ಅಲ್ಲಿರಿ.