ರತ್ನಪುರದಿಂದ ತಂದ ನೀಲ

ಶ್ರೀಲಂಕೆಗೆ ಪ್ರವಾಸ ಹೊರಡುವ ತಯಾರಿಯಲ್ಲಿರುವ ಸಂಬಂಧಿಕರೊಬ್ಬರು ಮೊನ್ನೆ ಶಿರಸಿಯ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದರು. "ಭಾವಾ, ಅಲ್ಲಿ ಗಣಿಯ ಬುಡದಲ್ಲೇ ಹರಳು ಸಿಗ್ತಡ, ಮಗನಿಗೆ ಒಂದು ಪುಷ್ಯರಾಗ ತಂದುಬಿಡ್ತೆ, ಇಲ್ಲಿಯ ಅರ್ಧ ರೇಟಿಗೆ ಆಗ್ತು" ಎಂದರು. ನಿಂತಲ್ಲೇ ಒಂದಿಷ್ಟು ಹೇಳಿದೆ, ಅಷ್ಟರಲ್ಲಿ ಬಸ್ಸು ಬಂತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಲೆಕ್ಕಾಚಾರದಲ್ಲಿ ಕೈ ಸುಟ್ಟುಕೊಂಡವನು ನಾನು.

ಕೆಲವು ವರ್ಷಗಳ ಹಿಂದೆ ಶ್ರೀಲಂಕೆಯ ಹರಳುಗಣಿಗಳ ಊರಾದ ರತ್ನಪುರದ ಒಂದು ಅಂಗಡಿಯಲ್ಲಿ ಎರಡೂಕಾಲು ಕ್ಯಾರೆಟ್ಟಿನ ನೀಲ, ಅಂದರೆ ಸಫೈರ್ ಒಂದನ್ನು ಕೊಂಡೆ. ಇದು ಬೆಂಕಿ ಕಾಣದ ಕಲ್ಲು, ಬಣ್ಣವೆಲ್ಲ ಭೂಮಿಯೇ ಕೊಟ್ಟದ್ದು ಎಂದು ಅಂಗಡಿಯವರು ಆಣೆ ಮಾಡಿದಂತೆ ಹೇಳಿ, ತಮ್ಮದೇ ಮುದ್ರೆ ಒತ್ತಿದ ಪ್ರಮಾಣಪತ್ರವನ್ನೂ ಕೊಟ್ಟರು. ಊರಿಗೆ ಬಂದ ಮೇಲೆ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದರೆ, ಕಲ್ಲು ನೈಸರ್ಗಿಕ ನೀಲವೇ ಹೌದು, ಆದರೆ ಕಾಯಿಸಿದ ಕುರುಹುಗಳಿವೆ ಎಂದು ವರದಿ ಬಂತು. ಹರಳು ಅಸಲಿ, ಕೊಟ್ಟ ಬೆಲೆ ಮಾತ್ರ ಕಾಯಿಸದ, ದುಬಾರಿ ಹರಳಿನದು. ಜಗಳ ಮಾಡೋಣವೆಂದು ಬಿಲ್ಲು ತೆಗೆದು ನೋಡಿದರೆ ಅದರಲ್ಲಿ ಬರೆದಿದ್ದದ್ದು ಇಷ್ಟೇ: "ನೀಲಿ ಕಲ್ಲು, ಒಂದು."

ಕಾಯಿಸುವುದೆಂದರೆ ಏನೆಂಬುದನ್ನು ನಮ್ಮ ಕಡೆಯವರಿಗೆ ಅಡಿಕೆಯ ಮೂಲಕ ಹೇಳುವುದು ಸುಲಭ. ಹಣ್ಣಡಿಕೆಯನ್ನು ಒಣಗಿಸಿ ಸುಲಿದರೆ ಚಾಲಿ, ಹಸಿಯಡಿಕೆಯನ್ನು ಸುಲಿದು ಬೇಯಿಸಿ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ಗಟ್ಟಿ ರಸದ, ಬಣ್ಣ ಕೊಟ್ಟರೆ ಕೆಂಪಡಿಕೆ. ಎರಡೂ ಅಡಿಕೆಯೇ, ದರ ಮಾತ್ರ ಬೇರೆ. ಶ್ರೀಲಂಕೆಯಲ್ಲಿ 'ಗೆವುಡ' ಎಂಬ ಹಾಲುಬಣ್ಣದ ಮಬ್ಬು ಕಲ್ಲುಗಳನ್ನು ಒಂದು ಕಾಲದಲ್ಲಿ ಯಾರೂ ಕೇಳುತ್ತಿರಲಿಲ್ಲ. 1970ರ ದಶಕದಲ್ಲಿ ಥಾಯ್ಲೆಂಡಿನ ವ್ಯಾಪಾರಿಗಳು ಅವನ್ನು ಅಗ್ಗಕ್ಕೆ ಕೊಂಡು, ಕುಲುಮೆಯಲ್ಲಿ ಭಾರಿ ಶಾಖಕ್ಕೆ ಒಡ್ಡಿ, ಕಡು ನೀಲಿಯಾಗಿಸಿ ಮಾರತೊಡಗಿದರು. ಕಲ್ಲಿನೊಳಗಿನ ರೂಟೈಲ್ ಎಂಬ ಟೈಟಾನಿಯಂ ಖನಿಜದ ಕೂದಲೆಳೆಯಂಥ ಸೂಜಿಗಳು ಆ ಶಾಖಕ್ಕೆ ಕರಗಿ, ಅವುಗಳ ಟೈಟಾನಿಯಂ ಅಲ್ಲೇ ಇರುವ ಕಬ್ಬಿಣದೊಂದಿಗೆ ಸೇರಿದಾಗ ನೀಲಿ ಬಣ್ಣ ಹುಟ್ಟುತ್ತದೆ. ಇಂದು ಪೇಟೆಯಲ್ಲಿರುವ ನೀಲಗಳಲ್ಲಿ ಬಹುಪಾಲು ಕಾಯಿಸಿದವೇ. ಅದು ಮೋಸವೂ ಅಲ್ಲ, ಹೇಳಿ ಮಾರಿದರೆ. ಅಡಿಕೆಯಾದರೆ ಅಡಕತ್ತರಿಯಲ್ಲಿ ಒಂದನ್ನು ಒಡೆದು ಒಳಗನ್ನು ನೋಡುತ್ತೇವೆ, ಹರಳನ್ನು ಒಡೆಯುವಂತಿಲ್ಲ. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಆ ಸೂಜಿಗಳು ತುಂಡಾಗಿಯೋ ಚುಕ್ಕೆಯಾಗಿಯೋ ಕಾಣುವುದನ್ನು ಗುರುತಿಸಲು ಪಳಗಿದ ಕಣ್ಣು ಬೇಕು.

ಹಾಗೆಂದು ನಮ್ಮ ಕಣ್ಣಿಗೆ ಏನೂ ಕಾಣುವುದಿಲ್ಲವೆಂದಲ್ಲ. ಹರಳನ್ನು ಮುಖ ಮೇಲೆ ಮಾಡಿ ದಿನಪತ್ರಿಕೆಯ ಮೇಲಿಟ್ಟು ನೇರ ಮೇಲಿನಿಂದ ನೋಡಿ. ನಡುವಿನಲ್ಲಿ ಅಕ್ಷರಗಳು ಕಂಡರೆ ಅದರ ತಳವನ್ನು ತೆಳುವಾಗಿ ಕೊರೆದಿದ್ದಾರೆ ಎಂದರ್ಥ. ಒಳಹೊಕ್ಕ ಬೆಳಕು ಕಣ್ಣಿಗೆ ಮರಳುವ ಬದಲು ತಳದಿಂದ ಸೋರಿಹೋಗುತ್ತದೆ. ನನ್ನ ನೀಲದಲ್ಲಿ ಪತ್ರಿಕೆಯ ಒಂದು ಅಕ್ಷರ ಒತ್ತಿನ ಸಮೇತ ಕಾಣುತ್ತದೆ. ಅಂಗಡಿಯ ದೀಪವನ್ನು ನಂಬದೆ ಹೊರಗಿನ ಬೆಳಕಿಗೆ ತಂದು ನೋಡಬೇಕು, ಏಕೆಂದರೆ ಹಳದಿ ದೀಪದಡಿ ಸಾಧಾರಣ ಮಾಣಿಕ್ಯವೂ ಕೆಂಡದಂತೆ ಹೊಳೆಯುತ್ತದೆ. ಮಾಣಿಕ್ಯದ ವಿಷಯದಲ್ಲಿ ಇನ್ನೊಂದು ಅಪಾಯವಿದೆ. ಬಿರುಕುಗಳಿಗೆ ಸೀಸದ ಗಾಜನ್ನು ತುಂಬಿ ತಿಳಿಯಾಗಿಸಿದ ಕಲ್ಲುಗಳು ಹೇರಳವಾಗಿವೆ. ಅವನ್ನು ಓಲಾಡಿಸಿದಾಗ ಒಳಗೆ ನೀಲಿ ಮಿಂಚು, ಮಸೂರದಲ್ಲಿ ಗಾಳಿಗುಳ್ಳೆಗಳು ಕಾಣುತ್ತವೆ, ಅಕ್ಕಸಾಲಿಗನ ಬೆಂಕಿಗೂ ಆಮ್ಲಕ್ಕೂ ಅವು ತಾಳುವುದಿಲ್ಲ.

ಬೆಲೆಯ ಮಾತಿಗೆ ಬಂದರೆ, ಎರಡು ಕ್ಯಾರೆಟ್ಟಿನ ಒಳ್ಳೆಯ ಕಲ್ಲಿಗೆ ಒಂದು ಕ್ಯಾರೆಟ್ಟಿನದರ ದುಪ್ಪಟ್ಟು ಬೆಲೆ ಎಂದು ಭಾವಿಸಬಾರದು, ದೊಡ್ಡ ಕಲ್ಲು ಅಪರೂಪವಾದ್ದರಿಂದ ಕ್ಯಾರೆಟ್ಟಿನ ದರವೇ ಏರುತ್ತದೆ. ಕ್ಯಾರೆಟ್ ಎಲ್ಲ ದೇಶಗಳಲ್ಲೂ 0.2 ಗ್ರಾಂ. ನಮ್ಮ ಜ್ಯೋತಿಷಿಗಳು ಹೇಳುವ ರತ್ತಿ ಮೂಲದಲ್ಲಿ ಗುಲಗಂಜಿಯ ತೂಕ, ಅಂಗಡಿಯಿಂದ ಅಂಗಡಿಗೆ ಬದಲಾಗುವಂಥದ್ದು. ಆದ್ದರಿಂದ ವಿದೇಶದಲ್ಲಿ ರತ್ತಿಯ ಮಾತೇ ಬೇಡ. ಹೊರಡುವ ಮೊದಲು ಇಲ್ಲಿಯೇ ನಾಲ್ಕು ಕಡೆ, ಕಾಯಿಸಿದ ಮತ್ತು ಕಾಯಿಸದ ಕಲ್ಲಿನ ಕ್ಯಾರೆಟ್ ದರವನ್ನು ಪ್ರತ್ಯೇಕವಾಗಿ ಕೇಳಿ ಬರೆದಿಟ್ಟುಕೊಂಡಿರಬೇಕು. ಗಣಿಯೂರಿನ ವ್ಯಾಪಾರಿಗೆ ಜಗತ್ತಿನ ದರ ಗೊತ್ತಿರುತ್ತದೆ, ಗೊತ್ತಿಲ್ಲದವರು ನಾವು. ಶಿರಸಿಗೆ ಬಂದ ಪ್ರವಾಸಿಗೆ ತೋಟದ ಬುಡವೆಂಬ ಕಾರಣಕ್ಕೆ ಅಡಿಕೆಯನ್ನು ಅರ್ಧ ದರಕ್ಕೆ ಕೊಟ್ಟವರನ್ನು ನಾನಂತೂ ನೋಡಿಲ್ಲ!

ಬ್ಯಾಂಕಾಕಿನಲ್ಲಿ "ಇವತ್ತು ದೇವಸ್ಥಾನ ಬಾಗಿಲು ಹಾಕಿದೆ, ಸರ್ಕಾರಿ ರತ್ನ ಮಾರಾಟಕ್ಕೆ ಇಂದೇ ಕೊನೆಯ ದಿನ, ನಿಮ್ಮೂರಲ್ಲಿ ದುಪ್ಪಟ್ಟಿಗೆ ಮಾರಬಹುದು" ಎಂದು ಯಾರಾದರೂ ಆಟೋ ಹತ್ತಿಸಲು ಬಂದರೆ ಕೈಮುಗಿದು ಮುಂದೆ ಹೋಗಿ. ದಶಕಗಳಷ್ಟು ಹಳೆಯ ನಾಟಕ ಅದು.

ಕೊಳ್ಳಲೇಬೇಕೆಂದಿದ್ದರೆ, ಹಣ ಕೊಡುವ ಮೊದಲು ಪರೀಕ್ಷೆ ಆಗಬೇಕು. ಕೊಲಂಬೊದಲ್ಲಿ ಅಲ್ಲಿಯ ಸರ್ಕಾರದ ರಾಷ್ಟ್ರೀಯ ರತ್ನ ಮತ್ತು ಆಭರಣ ಪ್ರಾಧಿಕಾರದ ಪರೀಕ್ಷಾ ವ್ಯವಸ್ಥೆಯಿದೆ. ಅಲ್ಲಿಗೆ ಜೊತೆಯಲ್ಲಿ ಬರಲು ಒಪ್ಪದ ವ್ಯಾಪಾರಿಯ ಅಂಗಡಿಯಿಂದ ಎದ್ದು ಬರುವುದೇ ಸರಿ. ಬಿಲ್ಲಿನಲ್ಲಿ ಹರಳಿನ ಹೆಸರು, ತೂಕ, ಕಾಯಿಸಿದ್ದೋ ಅಲ್ಲವೋ ಎಂಬ ಮೂರೂ ಇರಬೇಕು. ಮರಳುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರಿಗೆ ತೋರಿಸಲೂ ಅದೇ ಬಿಲ್ಲು ಬೇಕು.

ನನ್ನ ನೀಲವನ್ನು ಉಂಗುರಕ್ಕೆ ಕಟ್ಟಿಸಿ ಹಾಕಿಕೊಂಡಿದ್ದೇನೆ, ಬಣ್ಣವೇನೋ ಚೆಂದವಿದೆ. ಬಸ್ ನಿಲ್ದಾಣದಲ್ಲಿ ಅವರು ಅದನ್ನೇ ನೋಡುತ್ತ "ಇದು ಎಷ್ಟಕ್ಕೆ ಬಿತ್ತು ಭಾವಾ?" ಎಂದು ಕೇಳುವುದಕ್ಕೂ ಬಸ್ಸು ಬರುವುದಕ್ಕೂ ಸರಿಹೋಯಿತು.