ಕೀಲಿ ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ತೆಗೆಯೋ ದಿನಾನೂ ಹೇಳ್ರಿ

"ರೊಕ್ಕ ಕೊಟ್ಟು ತಗೊಂಡ ಗೇಮ್ ಊರಾಗ ಓಪನ್ನೇ ಆಗವಲ್ದು. ಗೆಳೆಯಾ ಕ್ರ್ಯಾಕ್ ಹಾಕ್ಯಾನ, ಅವಂದು ಮಸ್ತ್ ನಡದೈತಿ." ದೀಪಾವಳಿ ರಜೆ ಬಂತೆಂದರೆ ನಮ್ಮ ಕಡೆ ಗೇಮ್ ಆಡುವ ಹುಡುಗರ ಬಾಯಲ್ಲಿ ಇದೇ ಮಾತು. ಬೆಳಗಾವಿಯ ಹಾಸ್ಟೆಲ್ ವೈಫೈನಲ್ಲಿ 90 ಜಿಬಿ ಇಳಿಸಿಕೊಂಡು, ಒಮ್ಮೆಯೂ ತೆರೆದು ನೋಡದೆ ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿ ಇಂಡಿ, ಮುದ್ದೇಬಿಹಾಳದ ಬಸ್ ಹತ್ತುತ್ತಾರೆ. ಮನೆಯಲ್ಲಿ ಇರುವುದು ಮೊಬೈಲ್ ಹಾಟ್‌ಸ್ಪಾಟ್, ದಿನಕ್ಕೆ ಒಂದೂವರೆ ಜಿಬಿ. ಗೇಮ್ ತೆರೆದರೆ ಮೊದಲು ಅಪ್‌ಡೇಟ್ ಕೇಳುತ್ತದೆ, ಆಮೇಲೆ ಲಾಗಿನ್, ಆಮೇಲೆ ಇನ್ನೊಂದು ಕಂಪನಿಯ ಲಾಂಚರ್ (ಗೇಮ್ ಶುರು ಮಾಡುವ ಆ್ಯಪ್), ಕೊನೆಗೆ ಕೆಂಪು ಅಕ್ಷರದ ಎರರ್. ಬೈಗುಳ ಶುರುವಾಗುವುದು ಆಗ. ಬೈಸಿಕೊಳ್ಳುವುದು ಡಿಆರ್‌ಎಂ, ಅಂದರೆ ನಕಲು ತಡೆಯಲು ಕಂಪನಿಗಳು ಗೇಮಿಗೆ ಹಾಕುವ ಕೀಲಿ. ಆ ಕೀಲಿ ಮುರಿದ ಕಳ್ಳ ಪ್ರತಿಯೇ ಕ್ರ್ಯಾಕ್.

ಆ ಸಿಟ್ಟು ನ್ಯಾಯವಾದದ್ದೇ. ಆದರೆ ನಾವು ಅದನ್ನು ತಪ್ಪು ಜಾಗದಲ್ಲಿ ಖರ್ಚು ಮಾಡುತ್ತಿದ್ದೇವೆ. ಕ್ರ್ಯಾಕ್ ಹಾಕಿಕೊಂಡರೆ ಕಂಪನಿಯ ಲೆಕ್ಕದಲ್ಲಿ ನೀವು ಇನ್ನೊಬ್ಬ ಕಳ್ಳ, ಮುಂದಿನ ಗೇಮಿಗೆ ಇನ್ನೊಂದು ಕೀಲಿ ಹಾಕಲು ಇನ್ನೊಂದು ಕಾರಣ. ಅದೇ ರೊಕ್ಕ ಕೊಟ್ಟು, ಕಾರಣ ಬರೆದು ವಾಪಸ್ ಕೇಳಿದರೆ ಆ ಲೆಕ್ಕವೇ ಬೇರೆ.

ಇದಕ್ಕೆ ಚರಿತ್ರೆಯಲ್ಲಿ ಸಾಕ್ಷಿ ಇದೆ. 2008ರ ಸೆಪ್ಟೆಂಬರ್‌ನಲ್ಲಿ ಇಎ ಕಂಪನಿಯ ಸ್ಪೋರ್ ಗೇಮ್ ಬಂತು. ಅದರಲ್ಲಿ ಸೆಕ್ಯುರಾಮ್ ಎಂಬ ಕೀಲಿ ಇತ್ತು: ಒಂದು ಡಿಸ್ಕಿಗೆ ಮೂರೇ ಆಕ್ಟಿವೇಶನ್, ನಾಲ್ಕನೇ ಸಲಕ್ಕೆ ಕಂಪನಿಗೆ ಫೋನ್ ಮಾಡಿ ಗೋಗರೆಯಬೇಕು. ಹಾರ್ಡ್‌ಡಿಸ್ಕ್ ಹೋಯಿತು, ಒಂದು ಎಣಿಸಿತು. ಹೊಸ ಪಿಸಿ ಜೋಡಿಸಿದಿರಿ, ಇನ್ನೊಂದು. ಅಮೆಜಾನ್‌ನಲ್ಲಿ ಕೆಲವೇ ದಿನಗಳಲ್ಲಿ 2000ಕ್ಕೂ ಹೆಚ್ಚು ಒಂದು ನಕ್ಷತ್ರದ ರಿವ್ಯೂ ಬಿದ್ದವು, ಅಮೆರಿಕದಲ್ಲಿ ಗ್ರಾಹಕರ ಮೊಕದ್ದಮೆಯೂ ಆಯಿತು. ಇಎ ಮಿತಿಯನ್ನು 5ಕ್ಕೆ ಏರಿಸಿತು, ಹಳೆಯ ಯಂತ್ರದ ಆಕ್ಟಿವೇಶನ್ ಬಿಡಿಸುವ ಟೂಲ್ ಕೊಟ್ಟಿತು. ಇತ್ತ, ಅಷ್ಟೆಲ್ಲ ಕೀಲಿ ಹಾಕಿದ್ದ ಅದೇ ಗೇಮ್ ಆ ವರ್ಷ ಟೊರೆಂಟ್‌ಗಳಲ್ಲಿ ಅತಿ ಹೆಚ್ಚು ಇಳಿಸಿಕೊಂಡ ಗೇಮ್ ಆಯಿತು. ಕಳ್ಳನಿಗೆ ಮೂರರ ಮಿತಿ ಇರಲಿಲ್ಲ.

2010ರಲ್ಲಿ ಯೂಬಿಸಾಫ್ಟ್ ಅದಕ್ಕಿಂತ ಮುಂದೆ ಹೋಯಿತು. ಅಸಾಸಿನ್ಸ್ ಕ್ರೀಡ್ 2 ಒಬ್ಬನೇ ಕೂತು ಆಡುವ ಗೇಮ್, ಆದರೂ ನೆಟ್ ಸತತ ಬೇಕು. ಸಂಪರ್ಕ ಹೋದರೆ ಆಟ ನಿಂತಿತು. ಬಿಡುಗಡೆಯ ತಿಂಗಳಲ್ಲೇ ಅದರ ಸರ್ವರ್ ಮೇಲೆ ದಾಳಿಯಾಗಿ ರೊಕ್ಕ ಕೊಟ್ಟವರು ಹೊರಗೆ ನಿಂತರು. 2012ರಲ್ಲಿ ಕಂಪನಿಯೇ ಆ ಪದ್ಧತಿ ಬಿಟ್ಟಿದ್ದಾಗಿ ಹೇಳಿತು. 2013ರ ಸಿಮ್‌ಸಿಟಿಯೂ ಹಾಗೇ. "ಸರ್ವರ್ ಇಲ್ಲದೆ ನಡೆಯುವುದಿಲ್ಲ" ಎಂದವರೇ ಒಂದು ವರ್ಷದ ಮೇಲೆ ಆಫ್‌ಲೈನ್ ಮೋಡ್ ಕೊಟ್ಟರು.

ಈಗಿನ ಮುಖ್ಯ ಕೀಲಿ ಡೆನುವೊ. 2014ರಲ್ಲಿ ಫಿಫಾ 15ರಿಂದ ಶುರುವಾದದ್ದು. ಇದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿದರೆ ಅರ್ಧ ತೊಂದರೆ ತಪ್ಪುತ್ತದೆ. ಮೊದಲ ಸಲ ಗೇಮ್ ತೆರೆದಾಗ ನಿಮ್ಮ ಯಂತ್ರದ ಗುರುತುಗಳನ್ನು, ಪ್ರೊಸೆಸರ್ ಯಾವುದು, ವಿಂಡೋಸ್ ಯಾವುದು ಎಂಬಂಥವನ್ನು, ಕೂಡಿಸಿ ಸರ್ವರಿಗೆ ಕಳಿಸುತ್ತದೆ. ಅಲ್ಲಿಂದ ಆ ಯಂತ್ರಕ್ಕೆ ಮಾತ್ರ ಹೊಂದುವ ಟಿಕೆಟ್ ಬರುತ್ತದೆ. ಗೇಮ್ ಒಳಗಿನ ಕೆಲವು ಲೆಕ್ಕಗಳು ಆ ಟಿಕೆಟ್ ಇಲ್ಲದೆ ಸರಿ ಉತ್ತರ ಕೊಡದ ಹಾಗೆ ಕೋಡ್ ತಿರುಚಿರುತ್ತಾರೆ. ಗುರುತು ಬದಲಾದರೆ ಹೊಸ ಟಿಕೆಟ್ ಬೇಕು, ಹೊಸ ಟಿಕೆಟಿಗೆ ನೆಟ್ ಬೇಕು. ಒಂದು ದಿನದಲ್ಲಿ 5 ಬೇರೆ ಯಂತ್ರಗಳಿಗಿಂತ ಹೆಚ್ಚು ಕೊಡುವುದಿಲ್ಲ. ಆನ್‌ಲೈನ್ ಗೇಮ್ ಅಂಗಡಿಯಾದ ಸ್ಟೀಮ್‌ನ ಪುಟದಲ್ಲೇ ಇದನ್ನು ಬರೆದಿರುತ್ತಾರೆ.

ಐದು ಪಿಸಿ ಯಾರ ಹತ್ತಿರ ಇರುತ್ತವೆ ಎನ್ನಬೇಡಿ. ಲಿನಕ್ಸ್ ಅಥವಾ ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್‌ನಲ್ಲಿ ಗೇಮ್ ನಡೆಯದೆ ಪ್ರೋಟಾನ್ (ವಿಂಡೋಸ್ ಗೇಮನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಗ್ರಾಮ್) ಆವೃತ್ತಿಗಳನ್ನು ಒಂದಾದ ಮೇಲೊಂದು ಬದಲಿಸಿ ನೋಡುತ್ತೀರಲ್ಲ, ಪ್ರತಿ ಆವೃತ್ತಿಯೂ ಅದಕ್ಕೆ ಬೇರೆ ಯಂತ್ರವಾಗಿ ಕಂಡ ಉದಾಹರಣೆಗಳಿವೆ. ಒಂದು ಸಂಜೆಯಲ್ಲಿ ಐದು ಮುಗಿಯುತ್ತವೆ, ಆಮೇಲೆ 24 ಗಂಟೆ ಕಾಯಬೇಕು. ಅಂಗಡಿಯಲ್ಲಿ ಪಿಸಿ ಜೋಡಿಸುವವರು ಒಂದೇ ಖಾತೆಯಲ್ಲಿ ಬೇರೆ ಬೇರೆ ಪ್ರೊಸೆಸರ್ ಹಾಕಿ ಪರೀಕ್ಷಿಸಿದರೂ ಇದೇ ಗತಿ.

ತಪ್ಪು ಯಾವಾಗಲೂ ಆಡುವವನದ್ದೇ ಅಲ್ಲ. 2021ರ ಕೊನೆಗೆ ಇಂಟೆಲ್ 12ನೇ ತಲೆಮಾರಿನ ಪ್ರೊಸೆಸರ್ ಬಂತು: ಒಂದೇ ಚಿಪ್‌ನಲ್ಲಿ ಎರಡು ಬಗೆಯ ಕೋರ್, ವೇಗದ ಪಿ ಮತ್ತು ಕಡಿಮೆ ಕರೆಂಟ್ ತಿನ್ನುವ ಇ. ಕೆಲಸ ಪಿ ಕೋರಿನಿಂದ ಇ ಕೋರಿಗೆ ಹೋದಾಗ ಕೆಲವು ಗೇಮ್‌ಗಳ ಕೀಲಿ ಇದು ಬೇರೆ ಪಿಸಿ ಎಂದುಕೊಂಡು ಆಟವನ್ನೇ ನಿಲ್ಲಿಸಿತು. ಸಾವಿರಾರು ರೂಪಾಯಿಯ ಹೊಸ ಪ್ರೊಸೆಸರ್ ಕೊಂಡವರಿಗೆ ಸಿಕ್ಕ ಪರಿಹಾರ ಏನು ಗೊತ್ತೇ? ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಪಿಸಿಯ ಮೂಲ ಸೆಟ್ಟಿಂಗ್) ಲೆಗಸಿ ಗೇಮ್ ಕಂಪ್ಯಾಟಿಬಿಲಿಟಿ ಮೋಡ್ ಆನ್ ಮಾಡಿ, ಸ್ಕ್ರೋಲ್ ಲಾಕ್ ಒತ್ತಿ ಇ ಕೋರ್‌ಗಳನ್ನು ಮಲಗಿಸುವುದು. ಆಮೇಲೆ ಬಹುತೇಕ ಗೇಮ್‌ಗಳಿಗೆ ಪ್ಯಾಚ್ ಬಂತು. ಹಳೆಯ ಗೇಮ್ ಇನ್ನೂ ತಕರಾರು ಮಾಡಿದರೆ ಬಯೋಸ್‌ನಲ್ಲಿ ಈ ಆಯ್ಕೆ ಇದೆಯೇ ನೋಡಿ. ಅದೇ ವರ್ಷದ ನವೆಂಬರ್‌ನಲ್ಲಿ ಡೆನುವೊ ಬಳಸುತ್ತಿದ್ದ ಒಂದು ಡೊಮೇನ್ ಹೆಸರಿನ ಅವಧಿ ಮುಗಿದು, ಯಾರೋ ನವೀಕರಿಸುವುದನ್ನು ಮರೆತು, ಹಲವು ಗೇಮ್‌ಗಳು ತೆರೆಯಲೇ ಇಲ್ಲ. ಇಲ್ಲಿ ನಿಮ್ಮ ಪಿಸಿ ಫಾರ್ಮ್ಯಾಟ್ ಮಾಡಿದರೂ ಏನೂ ಆಗುತ್ತಿರಲಿಲ್ಲ.

ಇನ್ನು ವೇಗದ ಮಾತು. "ಡೆನುವೊ ಇದ್ದರೆ ಅರ್ಧ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ, ಅಂದರೆ ಫ್ರೇಮ್‌ಗಳ ಸಂಖ್ಯೆ) ಹೋಗುತ್ತದೆ" ಎಂದು ಎಲ್ಲ ಗೇಮಿಗೂ ಹೇಳುವುದು ತಪ್ಪು. ಕೆಲವುದರಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ 2021ರ ರೆಸಿಡೆಂಟ್ ಈವಿಲ್ ವಿಲೇಜ್‌ನಲ್ಲಿ ರೊಕ್ಕ ಕೊಟ್ಟವನ ಪ್ರತಿ ತಡವರಿಸಿತು, ಕ್ರ್ಯಾಕ್ ಪ್ರತಿ ನಯವಾಗಿ ಓಡಿತು. ಪರೀಕ್ಷಕರು ಫ್ರೇಮ್ ಟೈಮ್ ಗ್ರಾಫ್ ಹಾಕಿ ತೋರಿಸಿದ ಮೇಲೆ ಕ್ಯಾಪ್‌ಕಾಮ್ ಜುಲೈನಲ್ಲಿ ಪ್ಯಾಚ್ ಕೊಟ್ಟು, ಪೈರಸಿ ತಡೆ ತಂತ್ರಜ್ಞಾನವನ್ನು ಸರಿಹೊಂದಿಸಿದ್ದೇವೆ ಎಂದು ಬರೆಯಿತು. ನೀವೂ ನೋಡುವುದಿದ್ದರೆ ಸರಾಸರಿ ಎಫ್‌ಪಿಎಸ್ ನೋಡಬೇಡಿ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಟೂಲ್‌ನಲ್ಲಿ ಫ್ರೇಮ್ ಟೈಮ್ ಗೆರೆ ಹಾಕಿಕೊಳ್ಳಿ. 60 ಎಫ್‌ಪಿಎಸ್ ಎಂದರೆ ಪ್ರತಿ ಫ್ರೇಮಿಗೆ 16.7 ಮಿಲಿಸೆಕೆಂಡ್, ಗೆರೆ ಅಲ್ಲಿಂದ ಪದೇ ಪದೇ 50, 80ಕ್ಕೆ ಜಿಗಿದರೆ ಅದು ಕಣ್ಣಿಗೆ ಚುಚ್ಚುವ ತಡವರಿಕೆ. ಹೊಸ ಜಾಗಕ್ಕೆ ಹೋದಾಗ ಮೊದಲ ಸಲ ಮಾತ್ರ ಜಿಗಿದರೆ ಶೇಡರ್ (ಚಿತ್ರ ಬಿಡಿಸುವ ಸಣ್ಣ ಕೋಡ್) ತಯಾರಾಗುವುದು ಕಾರಣ ಇರಬಹುದು. ಅದೇ ಜಾಗದಲ್ಲಿ, ಅದೇ ಕೆಲಸಕ್ಕೆ ಪ್ರತಿ ಸಲ ಜಿಗಿದರೆ ಬೇರೆ ಕಾರಣ ಹುಡುಕಬೇಕು.

ಈಗ ಆ ರಜೆಯ ಹುಡುಗನ ವಿಷಯ. ಹೊರಡುವ ಹಿಂದಿನ ರಾತ್ರಿ ಅರ್ಧ ಗಂಟೆಯ ಕೆಲಸ. ಸ್ಟೀಮ್ ಡೌನ್‌ಲೋಡ್ ಪುಟದಲ್ಲಿ ಯಾವ ಅಪ್‌ಡೇಟೂ ಬಾಕಿ ಇರಬಾರದು, ಅರ್ಧ ಇಳಿದ ಅಪ್‌ಡೇಟ್ ಇದ್ದರೆ ಗೇಮ್ ಆಫ್‌ಲೈನ್‌ನಲ್ಲಿ ತೆರೆಯುವುದಿಲ್ಲ. ನೆಟ್ ಇರುವಾಗಲೇ ಗೇಮ್ ತೆರೆದು ಮೆನುವಿನಲ್ಲಿ ನಿಲ್ಲದೆ ಹತ್ತು ನಿಮಿಷ ಆಡಿ. ಟಿಕೆಟ್ ಬರುವುದು ಆಗ. ಇಎ ಅಥವಾ ಯೂಬಿಸಾಫ್ಟ್ ಲಾಂಚರ್ ಇದ್ದರೆ ಅದರಲ್ಲೂ ಲಾಗಿನ್ ಆಗಿ, ನೆನಪಿಡು ಎನ್ನುವ ಗುರುತು ಹಾಕಿ, ಅದರ ಆಫ್‌ಲೈನ್ ಆಯ್ಕೆಯನ್ನೂ ಆನ್ ಮಾಡಿ. ಆಮೇಲೆ ಸ್ಟೀಮ್ ಮೆನುವಿನಲ್ಲಿ ಗೋ ಆಫ್‌ಲೈನ್ ಒತ್ತಿ, ವೈಫೈ ಆರಿಸಿ, ಲ್ಯಾಪ್‌ಟಾಪ್ ಒಮ್ಮೆ ರೀಸ್ಟಾರ್ಟ್ ಮಾಡಿ ಮತ್ತೆ ತೆರೆದು ನೋಡಿ. ಈ ಕೊನೆಯ ಪರೀಕ್ಷೆಯನ್ನೇ ಎಲ್ಲರೂ ಬಿಡುತ್ತಾರೆ. ಊರಿಂದ ತಿರುಗಿ ಬರುವ ತನಕ ಬಯೋಸ್, ವಿಂಡೋಸ್‌ನ ದೊಡ್ಡ ಅಪ್‌ಡೇಟ್, ಪ್ರೋಟಾನ್ ಯಾವುದನ್ನೂ ಮುಟ್ಟಬೇಡಿ.

ಸತತ ನೆಟ್ ಬೇಡುವ ಗೇಮ್ ಆದರೆ ಇದ್ಯಾವುದೂ ನಡೆಯುವುದಿಲ್ಲ. ಬೇಸಿಗೆಯಲ್ಲಿ ವಿಜಯಪುರ, ಬಾಗಲಕೋಟೆ ಕಡೆ ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡುತ್ತಿರುತ್ತದೆ, ಸತ್ತಿರುವುದು ರೌಟರ್. ಅದಕ್ಕೊಂದು ಮಿನಿ ಯುಪಿಎಸ್ ಸಾಕು. ರೌಟರಿನ ಅಡಾಪ್ಟರ್ ಮೇಲೆ ಬರೆದ ವೋಲ್ಟ್ (ಹೆಚ್ಚಾಗಿ 12) ಸರಿಯಾಗಿ ಹೊಂದಬೇಕು, ಆಂಪಿಯರ್ ಅಷ್ಟೇ ಇರಬೇಕು ಇಲ್ಲವೇ ಹೆಚ್ಚಿರಬೇಕು. ಫೈಬರ್ ಪೆಟ್ಟಿಗೆ ಬೇರೆ, ರೌಟರ್ ಬೇರೆ ಇದ್ದರೆ ಎರಡಕ್ಕೂ ಬೇಕು. ಒಂದಕ್ಕೆ ಮಾತ್ರ ಕೊಟ್ಟು ವೈಫೈ ಇದೆ, ನೆಟ್ ಇಲ್ಲ ಎಂದು ಕೂತವರು ಬಹಳ.

ಹಳೆಯ ಡಿಸ್ಕ್‌ಗಳದ್ದು ಬೇರೆಯೇ ದುಃಖ. 2005ರ ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್‌ನ ಅಸಲಿ ಡಿವಿಡಿ ಜೋಪಾನವಾಗಿ ಇಟ್ಟವರು ವಿಂಡೋಸ್ 10ರಲ್ಲಿ ಹಾಕಿದರೆ ಗೇಮ್ ತೆರೆಯುವುದಿಲ್ಲ. ಡಿಸ್ಕಿಗೆ ಗೀರು ಬಿದ್ದಿದೆ ಎಂದು ಅದನ್ನು ಒರೆಸುತ್ತ ಕೂರಬೇಡಿ. ಅದರ ಸೇಫ್‌ಡಿಸ್ಕ್ ಕೀಲಿ ಒಂದು ಡ್ರೈವರ್ ಮೇಲೆ ನಿಂತಿತ್ತು, ಆ ಡ್ರೈವರ್‌ನಲ್ಲಿ ಭದ್ರತಾ ದೋಷ ಇತ್ತು, ಮೈಕ್ರೋಸಾಫ್ಟ್ 2015ರಲ್ಲಿ ಅದನ್ನು ಬಂದ್ ಮಾಡಿತು. ನೆಟ್‌ನಲ್ಲಿ ಹುಡುಕಿ ಆ ಡ್ರೈವರನ್ನು ಬಲವಂತವಾಗಿ ಹಾಕಿದರೆ ಗೇಮಿಗಾಗಿ ಇಡೀ ಪಿಸಿಯ ಬಾಗಿಲು ತೆಗೆದಿಟ್ಟ ಹಾಗೆ. ಜಿಟಿಎ 4 ಇನ್ನೂ ವಿಚಿತ್ರ: ಮೈಕ್ರೋಸಾಫ್ಟಿನ ಹಳೆಯ ಗೇಮ್ಸ್ ಫಾರ್ ವಿಂಡೋಸ್ ಲೈವ್ ಎಂಬ ಆನ್‌ಲೈನ್ ಸೇವೆಗೆ ಕೀ ಸಿಗುವುದೇ ನಿಂತು, 2020ರ ಜನವರಿಯಲ್ಲಿ ಅದು ಸ್ಟೀಮ್‌ನ ಅಂಗಡಿಯಿಂದ ಮಾಯವಾಯಿತು. ಮಾರ್ಚ್‌ನಲ್ಲಿ ತಿರುಗಿ ಬಂದಾಗ ಮಲ್ಟಿಪ್ಲೇಯರ್ ಇರಲಿಲ್ಲ. ಮಾಲೀಕನೇ ತನ್ನ ಮನೆಯ ಕೀಲಿಕೈ ಕಳೆದುಕೊಂಡ ಕಥೆ.

"ಹಂಗಾದ್ರ ಕ್ರ್ಯಾಕೇ ಛಲೋ ಅಲ್ಲೇನ್ರಿ?" ಅಲ್ಲ. ಹಾರ್ಡ್‌ಡಿಸ್ಕ್ ಕೊಟ್ಟರೆ ಗೇಮ್ ತುಂಬಿಸಿ ಕೊಡುವ ಕಡೆ ಮೊದಲು ಹೇಳುವುದು "ಆಂಟಿವೈರಸ್ ಬಂದ್ ಮಾಡ್ರಿ" ಎಂದು. 2021ರಲ್ಲಿ ಆಂಟಿವೈರಸ್ ಕಂಪನಿ ಅವಾಸ್ಟ್ ಬಯಲಿಗೆಳೆದ ಕ್ರ್ಯಾಕೊನಾಶ್ ಎಂಬ ಮಾಲ್‌ವೇರ್ ಕ್ರ್ಯಾಕ್ ಗೇಮ್‌ಗಳ ಜೊತೆ ಬಂದು, ವಿಂಡೋಸನ್ನು ಸೇಫ್ ಮೋಡ್‌ಗೆ ಎಳೆದು, ಅಲ್ಲಿ ಆಂಟಿವೈರಸ್ ಅಳಿಸಿ, ಕ್ರಿಪ್ಟೊ ನಾಣ್ಯ ಗಣಿಗಾರಿಕೆ ಮಾಡುತ್ತಿತ್ತು. 2 ಲಕ್ಷಕ್ಕೂ ಹೆಚ್ಚು ಪಿಸಿಗಳಿಗೆ ಹತ್ತಿತ್ತು. ಗೇಮ್ ಮುಚ್ಚಿದ ಮೇಲೂ ಫ್ಯಾನ್ ಭೋರ್ ಅನ್ನುತ್ತಿದ್ದರೆ, ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಸುಮ್ಮನಾದರೆ ಅನುಮಾನ ಪಡಿ. 40 ಡಿಗ್ರಿ ಬಿಸಿಲಿನಲ್ಲಿ ರಾತ್ರಿಯಿಡೀ ಬೇಯುವುದು ನಿಮ್ಮ ಪ್ರೊಸೆಸರ್, ಏರುವುದು ನಿಮ್ಮ ಕರೆಂಟ್ ಬಿಲ್. ಕಾನೂನೂ ಇದೆ: 2012ರ ತಿದ್ದುಪಡಿಯ ನಂತರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 65ಎ ಕಲಮಿನ ಪ್ರಕಾರ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಕೀಲಿ ಮುರಿದರೆ 2 ವರ್ಷದವರೆಗೆ ಜೈಲು. ಅದೇ ಕಾಯ್ದೆಯ 52ನೇ ಕಲಮು, ನ್ಯಾಯವಾಗಿ ಪಡೆದ ಪ್ರೋಗ್ರಾಮಿನ ಬ್ಯಾಕಪ್ ಪ್ರತಿ ಇಟ್ಟುಕೊಳ್ಳಲು ಬಿಡುತ್ತದೆ. ಬ್ಯಾಕಪ್ ನಿಜವಾಗಿ ಕೆಲಸಕ್ಕೆ ಬರುವುದು ಕೀಲಿ ಇಲ್ಲದ ಗೇಮ್ ಮಾರುವ ಜಿಒಜಿಯಂಥ ಅಂಗಡಿಯಲ್ಲಿ ಕೊಂಡಾಗ. ಅಲ್ಲಿ ಆಫ್‌ಲೈನ್ ಇನ್‌ಸ್ಟಾಲರ್ ಕೊಡುತ್ತಾರೆ. ಇಎಕ್ಸ್‌ಇ ಜೊತೆ ಬರುವ ಬಿನ್ ಫೈಲ್‌ಗಳನ್ನೂ ಒಂದೇ ಫೋಲ್ಡರ್‌ನಲ್ಲಿ ಬಾಹ್ಯ ಹಾರ್ಡ್‌ಡಿಸ್ಕಿಗೆ ಹಾಕಿಡಿ. ಬಿನ್ ಒಂದು ಬಿಟ್ಟುಹೋದರೂ ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲುತ್ತದೆ.

ಕಂಪನಿಗಳ ಮಾತನ್ನೂ ಕೇಳಬೇಕು. ಡೆನುವೊ ಗೇಮ್‌ಗಳ ಮೇಲೆ 2024ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಬಿಡುಗಡೆಯಾದ ಮೊದಲ ವಾರದಲ್ಲೇ ಕ್ರ್ಯಾಕ್ ಬಂದರೆ ಆದಾಯದಲ್ಲಿ ಸುಮಾರು ಶೇಕಡಾ 20ರಷ್ಟು ಹೋಗುತ್ತದೆ. ಅದು ಸಣ್ಣ ನಷ್ಟ ಅಲ್ಲ, ಗೇಮ್ ಮಾಡುವವರೂ ದುಡಿದೇ ತಿನ್ನುವವರು. ಆದರೆ 12 ವಾರ ಕಳೆದ ಮೇಲೆ ಬಂದ ಕ್ರ್ಯಾಕ್‌ನಿಂದ ನಷ್ಟ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎನ್ನುವುದೂ ಅದೇ ಅಧ್ಯಯನ. ಹಾಗಿದ್ದ ಮೇಲೆ 13ನೇ ವಾರದಿಂದ ಆ ಕೀಲಿ ಯಾರನ್ನು ತಡೆಯುತ್ತಿದೆ? ಡೂಮ್ 2016ರ ಮೇ ತಿಂಗಳಲ್ಲಿ ಬಂತು, ಡಿಸೆಂಬರ್‌ನಲ್ಲಿ ಡೆನುವೊ ತೆಗೆದರು, ಗೇಮ್ ಇವತ್ತಿಗೂ ಮಾರಾಟವಾಗುತ್ತಿದೆ. ನಾವು ಕೇಳಬೇಕಾದದ್ದು ಇಷ್ಟೇ: ಮೂರು ತಿಂಗಳು ಕೀಲಿ ಇರಲಿ, ತೆಗೆಯುವ ತಾರೀಖನ್ನು ಮಾರುವ ದಿನವೇ ಅಂಗಡಿ ಪುಟದಲ್ಲಿ ಬರೆಯಿರಿ. 2014ರ ದಿ ಕ್ರ್ಯೂ ಗೇಮಿನ ಸರ್ವರ್ 2024ರ ಮಾರ್ಚ್ 31ಕ್ಕೆ ಆರಿಸಿದಾಗ ರೊಕ್ಕ ಕೊಟ್ಟವರ ಕೈಯಲ್ಲಿ ಏನೂ ಉಳಿಯಲಿಲ್ಲ. ಅಲ್ಲಿಂದ ಹುಟ್ಟಿದ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಚಳವಳಿಗೆ ಯುರೋಪಿನಲ್ಲಿ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಕೇಳಿದರೆ ಕಿವಿಗೊಡುತ್ತಾರೆ: 2024ರ ಜನವರಿಯಲ್ಲಿ ಕ್ಯಾಪ್‌ಕಾಮ್ ಹಳೆಯ ರೆಸಿಡೆಂಟ್ ಈವಿಲ್ ರೆವಲೇಶನ್ಸ್‌ಗೆ ಹೊಸ ಕೀಲಿ ತುರುಕಿತು, ದೂರು ಬಿದ್ದ ಮೇಲೆ ಆ ಅಪ್‌ಡೇಟ್ ವಾಪಸ್ ತಗೊಂಡಿತು.

ಕೇಳುವ ಕ್ರಮ ಹೀಗೆ. ಕೊಳ್ಳುವ ಮೊದಲು ಸ್ಟೀಮ್ ಪುಟದ ಬಲಗಡೆ ಥರ್ಡ್ ಪಾರ್ಟಿ ಡಿಆರ್‌ಎಂ, ಥರ್ಡ್ ಪಾರ್ಟಿ ಅಕೌಂಟ್ ಎನ್ನುವ ಪೆಟ್ಟಿಗೆ ಓದಿ. ಕೊಂಡ ಮೇಲೆ ತೊಂದರೆಯಾದರೆ 14 ದಿನದೊಳಗೆ, ಆಟದ ಸಮಯ 2 ಗಂಟೆ ದಾಟುವ ಮೊದಲು ರೀಫಂಡ್ ಕೇಳಬೇಕು. ಎರರ್ ಪರದೆಯನ್ನು ತೆರೆದಿಟ್ಟು ಊಟಕ್ಕೆ ಹೋಗಬೇಡಿ, ಶೇಡರ್ ತಯಾರಾಗುವ ಹೊತ್ತೂ ಲಾಂಚರ್ ತೆರೆದಿದ್ದ ಹೊತ್ತೂ ಆ 2 ಗಂಟೆಯಲ್ಲೇ ಎಣಿಕೆ. ಹೆಲ್ಪ್ ಪುಟದಲ್ಲಿ ಗೇಮ್ ಆರಿಸಿ ರೀಫಂಡ್ ಕೇಳಿ, ಕಾರಣದ ಜಾಗದಲ್ಲಿ ಕೀಲಿಯ ಹೆಸರು ಬರೆಯಿರಿ. ಒಪ್ಪಿದ ಮೇಲೆ ರೊಕ್ಕ ಬರಲು ಒಂದು ವಾರ ಹಿಡಿಯಬಹುದು. ನೀವು ಕೊಟ್ಟ ದಾರಿಯಲ್ಲಿ ವಾಪಸ್ ಕಳಿಸಲು ಆಗದಿದ್ದರೆ ಸ್ಟೀಮ್ ವಾಲೆಟ್‌ಗೆ ಬೀಳುತ್ತದೆ. ಜಿಒಜಿಯಲ್ಲಿ 30 ದಿನ ಸಮಯ ಇದೆ.

ಸ್ಟೀಮ್‌ನಲ್ಲಿ ರಿವ್ಯೂ ಬರೆಯಲು ಕನಿಷ್ಠ 5 ನಿಮಿಷ ಆಡಿರಬೇಕು. ಅಲ್ಲಿ ಅವ್ವ ಅಪ್ಪನನ್ನು ಎಳೆದು ತರಬೇಡಿ, ಅಂಥದ್ದನ್ನು ಅಳಿಸಿಹಾಕುತ್ತಾರೆ, ನಿಮ್ಮ ದೂರೂ ಅದರ ಜೊತೆ ಹೋಗುತ್ತದೆ. ಪ್ರೊಸೆಸರ್, ರ‍್ಯಾಮ್, ವಿಂಡೋಸ್ ಆವೃತ್ತಿ, ಗೇಮಿನ ಆವೃತ್ತಿ, ಬಂದ ಎರರ್ ಸಂಖ್ಯೆ, ನೆಟ್ ಇತ್ತೋ ಇಲ್ಲವೋ, ಇಷ್ಟು ಬರೆದು ಕೆಳಗೆ "ಕೀಲಿ ತೆಗೆದ ದಿನ ಈ ರಿವ್ಯೂ ಬದಲಿಸುತ್ತೇನೆ" ಎಂದು ಸೇರಿಸಿ. ಬಹಳ ಕಂಪನಿಗಳು ಸದ್ದಿಲ್ಲದೆ ತೆಗೆಯುತ್ತವೆ, ಹೇಳುವುದಿಲ್ಲ. ಹಾಗಾಗಿ ಎರಡು ಮೂರು ತಿಂಗಳಿಗೊಮ್ಮೆ ಆ ಅಂಗಡಿ ಪುಟದ ಬಲಗಡೆ ಪೆಟ್ಟಿಗೆ ನೋಡುತ್ತಿರಿ. ಅಲ್ಲಿಂದ ಡೆನುವೊ ಹೆಸರು ಹೋಗಿದ್ದರೆ ಗೇಮ್ ತಿರುಗಿ ಕೊಂಡು, ಕೆಂಪು ಹೆಬ್ಬೆರಳನ್ನು ನೀಲಿ ಮಾಡಿ.