ಜಾನ್ ಯಂಗ್ ಬರೆದ ಮೆಮೊಗಳು

ಗಗನಯಾತ್ರಿಗಳ ಮಾತು ಬಂದರೆ ಎಲ್ಲರ ಬಾಯಲ್ಲೂ ಗಗಾರಿನ್, ಆರ್ಮ್‌ಸ್ಟ್ರಾಂಗ್. ನನ್ನನ್ನು ಕೇಳಿದರೆ ಮೊದಲು ಹೇಳುವ ಹೆಸರು ಜಾನ್ ಯಂಗ್. ಕಾರಣ, ಅವರು ನೆಲದ ಮೇಲೆ ಕೂತು ಬರೆದ ಮೆಮೊಗಳು, ಅಂದರೆ ಕಚೇರಿಯ ಟಿಪ್ಪಣಿಗಳು.

ಹಾರಾಟಕ್ಕೇನೂ ಕಡಿಮೆ ಇರಲಿಲ್ಲ. ಅಮೆರಿಕದ ನೌಕಾಪಡೆಯಲ್ಲಿ ಟೆಸ್ಟ್ ಪೈಲಟ್ ಆಗಿದ್ದವರು 1962ರಲ್ಲಿ ನಾಸಾ ಸೇರಿದರು. ಜೆಮಿನಿ, ಅಪೊಲೊ, ಮತ್ತೆ ಮತ್ತೆ ಹಾರಿಸಬಹುದಾದ ಶಟಲ್, ಈ ಮೂರೂ ಬಗೆಯ ನೌಕೆಗಳಲ್ಲಿ ಎರಡೆರಡು ಸಲ ಹೋಗಿಬಂದರು. 1972ರಲ್ಲಿ ಅಪೊಲೊ 16ರ ಕಮಾಂಡರ್ ಆಗಿ ಚಾರ್ಲ್ಸ್ ಡ್ಯೂಕ್ ಜೊತೆ ಚಂದ್ರನ ಮೇಲೆ ಹೆಚ್ಚುಕಡಿಮೆ ಮೂರು ದಿನ ಇದ್ದರು. ಶಟಲ್ ಯೋಜನೆಯ ಹಣಕ್ಕೆ ಅಮೆರಿಕದ ಕೆಳಮನೆ ಒಪ್ಪಿಗೆ ಕೊಟ್ಟ ಸುದ್ದಿ ಅವರ ಕಿವಿಗೆ ಬಿದ್ದದ್ದು ಅಲ್ಲೇ, ಚಂದ್ರನ ನೆಲದ ಮೇಲೆ! ಒಂಬತ್ತು ವರ್ಷ ಕಳೆದು ಆ ಶಟಲ್‌ನ ಮೊದಲ ಯಾನಕ್ಕೂ ಅವರೇ ಕಮಾಂಡರ್.

1981ರ ಏಪ್ರಿಲ್ 12ರ ಆ ಯಾನ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಜನರಿಲ್ಲದೆ ಒಮ್ಮೆಯಾದರೂ ಶಟಲ್ಲನ್ನು ಕಕ್ಷೆಗೆ ಕಳಿಸಿ ನೋಡಿರಲಿಲ್ಲ. ಯಂಗ್ ಮತ್ತು ರಾಬರ್ಟ್ ಕ್ರಿಪ್ಪೆನ್ ಇಬ್ಬರೇ ಕೊಲಂಬಿಯಾ ಎಂಬ ಶಟಲ್ ಏರಿ ಹೊರಟರು. ಎರಡು ದಿನದ ಮೇಲೆ ಕ್ಯಾಲಿಫೋರ್ನಿಯಾದ ಒಣಗಿದ ಸರೋವರದ ಅಂಗಳದಲ್ಲಿ ಇಳಿದಾಗ ಯಂಗ್ ಮೆಟ್ಟಿಲಿಳಿದು ಬಂದವರೇ ನೌಕೆಯ ಹೊಟ್ಟೆಯಡಿ ಸುತ್ತಾಡಿದರು. ಶಾಖ ತಡೆಯುವ ಟೈಲ್‌ಗಳು ಏನಾಗಿವೆ, ಚಕ್ರಗಳು ಹೇಗಿವೆ, ಎಲ್ಲವನ್ನೂ ತಾವೇ ನೋಡಬೇಕಿತ್ತು ಅವರಿಗೆ. ಆ ವಿಡಿಯೊ ಸಿಕ್ಕರೆ ದಯವಿಟ್ಟು ನೋಡಿ. ಐವತ್ತರ ಮನುಷ್ಯನ ಹುರುಪು ನೋಡಿ.

1986ರ ಜನವರಿ 28ರಂದು ಚಾಲೆಂಜರ್ ಎಂಬ ಶಟಲ್‌ನ ದುರಂತದಲ್ಲಿ ಏಳು ಜನ ತೀರಿಕೊಂಡರು. ಗಗನಯಾತ್ರಿಗಳ ಕಚೇರಿಗೆ ಆಗ ಯಂಗ್ ಮುಖ್ಯಸ್ಥರು. ಸತ್ತವರಲ್ಲಿ ಹೆಚ್ಚಿನವರು ಅವರ ಕೈಕೆಳಗಿನವರೇ. ವೇಳಾಪಟ್ಟಿ ಕಾಪಾಡುವ ಒತ್ತಡದಲ್ಲಿ ಸುರಕ್ಷತೆ ಹಿಂದೆ ಬಿದ್ದಿದೆ ಎಂದು ಮೇಲಿನವರಿಗೆ ನೇರವಾಗಿ ಮೆಮೊ ಬರೆದರು. ಬರೆದದ್ದು ಪತ್ರಿಕೆಗಳಿಗೂ ಸಿಕ್ಕಿತು. ಮರುವರ್ಷ ಅವರನ್ನು ಆ ಹುದ್ದೆಯಿಂದ ಎತ್ತಿ ಬೇರೆ ಕುರ್ಚಿಯಲ್ಲಿ ಕೂರಿಸಿದರು. ಹಬಲ್ ದೂರದರ್ಶಕವನ್ನು ಕಕ್ಷೆಗೆ ಒಯ್ಯುವ ಯಾನಕ್ಕೆ ಕಮಾಂಡರ್ ಎಂದು ಅವರ ಹೆಸರೇ ನಿಗದಿಯಾಗಿತ್ತು. ಕೊನೆಗೆ 1990ರಲ್ಲಿ ಹಬಲ್ ಹೋದಾಗ ಆ ಸೀಟಿನಲ್ಲಿದ್ದವರು ಬೇರೆಯವರು. 1983ರ ಯಾನವೇ ಯಂಗ್ ಅವರ ಕೊನೆಯದಾಯಿತು.

ಅವರ 42 ವರ್ಷದ ನಾಸಾ ನೌಕರಿಯಲ್ಲಿ ಬಾಹ್ಯಾಕಾಶದಲ್ಲಿ ಕಳೆದದ್ದೆಲ್ಲ ಕೂಡಿಸಿದರೆ 35 ದಿನವೂ ಆಗದು. ಉಳಿದದ್ದು ತರಬೇತಿ, ಮೀಟಿಂಗು, ಕಾಗದಪತ್ರ. ನಾವು ಆ 35 ದಿನಕ್ಕಷ್ಟೇ ಚಪ್ಪಾಳೆ ತಟ್ಟುತ್ತೇವೆ. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ರಾಕೆಟ್ಟಿನ ತುದಿಯಲ್ಲಿ ಕೂರುವುದಕ್ಕೆ ಗುಂಡಿಗೆ ಬೇಕು, ನಿಜ. ಮುಂದಿನ ಹಾರಾಟ ಕೈತಪ್ಪುತ್ತದೆ ಎಂದು ಗೊತ್ತಿದ್ದೂ ಬಾಯಿ ಬಿಡುವುದಕ್ಕೆ ಅದಕ್ಕಿಂತ ದೊಡ್ಡ ಗುಂಡಿಗೆ ಬೇಕು.

ಮುನಿಸಿಕೊಂಡು ರಾಜೀನಾಮೆ ಕೊಡಬಹುದಿತ್ತು. ಕೊಡಲಿಲ್ಲ. 2004ರ ಕೊನೆಯವರೆಗೂ ಅಲ್ಲೇ ಇದ್ದು, ಸುರಕ್ಷತೆಯ ಬಗ್ಗೆ ಮೆಮೊ ಮೇಲೆ ಮೆಮೊ ಬರೆಯುತ್ತಲೇ ಹೋದರು.